ಬೋಲ್ಟಿನ ಮೇಲಿನ ಹಳದಿ ಗೆರೆ

"ಟಿಕ್."

ಅಷ್ಟೇ ಸದ್ದು. ಇನಗಾಕಿ ಚಿಜುರು ಹ್ಯಾಂಡಲಿನ ಹಸಿರು ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಮತ್ತೆ ಟಿಕ್. ಇಂಜಿನ್ ತಿರುಗುವ ಮಾತಿರಲಿ, ಒಂದು ಸಣ್ಣ ನಡುಕವೂ ಹುಟ್ಟಲಿಲ್ಲ.

"ಕೇಳಿಸ್ತಾ ಮೇಷ್ಟ್ರೇ?" ಅವಳು ಹಣೆಯ ಬೆವರನ್ನು ತೋಳಿನಿಂದಲೇ ಒರೆಸಿಕೊಂಡಳು. "ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ ಬ್ಯಾಟರಿ ಇದು. ಹೊಟ್ಟೆ ತುಂಬಾ ಉಂಡ್ಕೊಂಡು ಕೂತಿದೆ. ಆದ್ರೂ ಟಿಕ್ ಅಂತಿದೆ. ಬ್ಯಾಟರಿ ಸತ್ತಿತ್ತು, ಅದಕ್ಕೇ ಸ್ಟಾರ್ಟ್ ಆಗ್ಲಿಲ್ಲ ಅಂತ ಬರ್ಕೊಂಡ್ರಲ್ಲ ಪೊಲೀಸಿನವರು, ಈಗ ಏನಂತಾರೆ?"

ಹತ್ತೊಂಬತ್ತು ದಿನಗಳ ಹಿಂದೆ, ಒಂದು ಶನಿವಾರ, ಜಲರಕ್ಷಣಾ ಕೇಂದ್ರದ ಈ ಒಂದೇ ಒಂದು ವಾಟರ್ ಸ್ಕೂಟರ್ ಹೀಗೆಯೇ ಮೊಂಡು ಹಿಡಿದು ನಿಂತಿತ್ತು. ದಡದಿಂದ ಕಣ್ಣಳತೆಯ ದೂರದಲ್ಲಿ ದೋಣಿಯಿಂದ ಜಾರಿ ಬಿದ್ದ ಕಾಮಿಯಾ ತಾತ ಕೈ ಎತ್ತಿ ಎತ್ತಿ ಕರೆದು, ಹನ್ನೊಂದನೇ ನಿಮಿಷಕ್ಕೆ ಮುಳುಗಿ ಹೋಗಿದ್ದರು.

ಸ್ಕೂಟರಿನ ಉಸ್ತುವಾರಿ ಚಿಜುರುವಿನದು. ತಪಾಸಣೆ ಪುಸ್ತಕದಲ್ಲಿ ಇದ್ದದ್ದು, ಸಹಿಯ ಬದಲು ಒತ್ತುವ ಅವಳ ಮೊಹರು. ನಾಳೆ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋಗಿ, ನನ್ನ ಅಜಾಗರೂಕತೆಯಿಂದ ಒಂದು ಜೀವ ಹೋಯಿತು ಎನ್ನುವ ಹೇಳಿಕೆಗೆ ಅವಳು ಅದೇ ಮೊಹರು ಒತ್ತಬೇಕಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಗುಜರಿಯ ಲಾರಿ ಬಂದು ಸ್ಕೂಟರನ್ನು ಹೊತ್ತುಕೊಂಡು ಹೋಗುವುದು ನಿಶ್ಚಯವಾಗಿತ್ತು. ತನ್ನ ತಪ್ಪಿಲ್ಲ ಎಂದು ತೋರಿಸಲು ಅವಳಿಗೆ ಉಳಿದಿದ್ದು ಅದಕ್ಕೆ ಮುಂಚಿನ ಎರಡು ಗಂಟೆ.

"ಪೊಲೀಸರಿಗೇನಮ್ಮ ಗೊತ್ತು, ಮಣ್ಣು," ಎಂದರು ಹಿರಾಮಾತ್ಸು ಮೇಷ್ಟ್ರು.

ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಕೂತು ಅವರು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಎಪ್ಪತ್ತು ದಾಟಿದ ಮುದುಕ. ಹಮಾನಾ ಸರೋವರದ ಸುತ್ತ ಯಾರ ಇಂಜಿನ್ ಕೆಟ್ಟರೂ ಮೂವತ್ತು ವರ್ಷ ಜನ ಕೂಗಿದ್ದು ಅವರ ಹೆಸರನ್ನೇ. ಹದಿನೆಂಟು ತುಂಬಿದ ಚಿಜುರುವಿನ ಕೈಗೆ ಮೊದಲ ಸ್ಪಾನರ್ ಕೊಟ್ಟವರು, ಹದಿನಾರು ವರ್ಷ ಬೈದು ಬೈದು ಕೆಲಸ ಕಲಿಸಿದವರು ಅವರು. ಏಳು ವರ್ಷದ ಹಿಂದೆ ಅವಳು ಸ್ವಂತ ಶೆಡ್ಡು ಹಾಕಿದಾಗ ಬಾಗಿಲಿಗೆ ಉಪ್ಪು ಚೆಲ್ಲಿ ಶುಭ ಕೋರಿದವರೂ ಅವರೇ. ಈಗ ಊರಿಗೆ ಊರೇ ಅವಳನ್ನು ಕಂಡು ಮುಖ ತಿರುಗಿಸುತ್ತಿರುವಾಗ ದಿನಾ ಬಾಗಿಲು ತಟ್ಟುತ್ತಿದ್ದ ಏಕೈಕ ಜೀವವೂ ಅದೇ. ಇವತ್ತೂ ಉಪ್ಪಿನಲ್ಲಿಟ್ಟ ಪ್ಲಮ್ ತುಂಬಿದ ಅನ್ನದ ಉಂಡೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರು.

"ಫ್ಯೂಸು ನೋಡಿದ್ಯಾ?" ಎಂದು ಕೇಳಿದರು.

"ಮೂರೂ ಗಟ್ಟಿಮುಟ್ಟಾಗಿವೆ."

"ಸವಾರ ಮೈಗೆ ಕಟ್ಕೊಳ್ಳೋ ದಾರದ ಕ್ಲಿಪ್ಪು?"

"ಸಿಕ್ಕಿಸಿದ ಕೂಡ್ಲೇ ಪೀಂ ಪೀಂ ಅಂತ ಎರಡು ಸಲ ಕೂಗ್ತು. ಅದೂ ಸರಿ ಇದೆ."

"ಹಾಗಾದ್ರೆ ಸ್ಟಾರ್ಟರ್ ಮೋಟಾರೇ ಹೋಗಿದೆ, ಬಿಡು. ಉಪ್ಪು ನೀರು ಕುಡಿದಿರುತ್ತೆ. ಎಂಥವರ ಕೈಯಲ್ಲೂ ಆಗೋದೇ. ಬಾ, ಎರಡು ತುತ್ತು ತಿನ್ನು. ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ನೀನು."

ಆ ಕೊನೆಯ ಮಾತಿಗೆ ಚಿಜುರು ಒಮ್ಮೆ ತಿರುಗಿ ಅವರನ್ನು ನೋಡಿದಳು. ಹೆತ್ತವರೂ ಇಷ್ಟು ವಿಚಾರಿಸಿರಲಿಲ್ಲ. ಆದರೂ ಅವಳು ಮೀಟರನ್ನು ಕೆಳಗಿಡಲಿಲ್ಲ.

"ಸುಮ್ಮನೆ ಊಹೆ ಮಾಡ್ಬೇಡ, ಅಳೆದು ನೋಡು ಅಂತ ತಲೆ ಮೇಲೆ ಕುಟ್ಟಿದವರು ನೀವೇ ಅಲ್ವಾ ಮೇಷ್ಟ್ರೇ," ಎಂದು ನಕ್ಕಳು. "ಅಳೀತೀನಿ."

ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತಲೆಗಳಿಗೆ ಒತ್ತಿ ಹಿಡಿದಳು. ಹನ್ನೆರಡೂವರೆ ವೋಲ್ಟಿಗೆ ಒಂದು ಕೂದಲು ಮೇಲೆ. ಮೊಣಕೈಯನ್ನು ಚಾಚಿ ಗುಂಡಿ ಒತ್ತಿದಳು. ಟಿಕ್. ಮೀಟರಿನ ಅಂಕಿ ಇದ್ದಲ್ಲೇ ಇತ್ತು.

ಅವಳ ಹುಬ್ಬು ಗಂಟಿಕ್ಕಿತು. ಸ್ಟಾರ್ಟರ್ ಎನ್ನುವುದು ಹೊಟ್ಟೆಬಾಕ. ಅದು ತಿರುಗಿದರೆ ಬ್ಯಾಟರಿ ಹತ್ತಕ್ಕೆ ಇಳಿಯುತ್ತದೆ. ಬ್ಯಾಟರಿ ಸೋತಿದ್ದರೆ ಎಂಟಕ್ಕೆ ಕುಸಿಯುತ್ತದೆ. ಮೋಟಾರು ಸುಟ್ಟು ಬಿಗಿದುಕೊಂಡಿದ್ದರೂ ಬ್ಯಾಟರಿಯನ್ನು ಎಳೆದು ಜಗ್ಗುತ್ತದೆ. ಇಲ್ಲಿ ಯಾರೂ ಏನನ್ನೂ ಎಳೆಯುತ್ತಿಲ್ಲ. ಊಟ ಬಡಿಸಿದೆ, ಉಣ್ಣುವವನ ಬಾಯಿಗೆ ತುತ್ತು ತಲುಪುತ್ತಿಲ್ಲ.

"ಎಲ್ಲೋ ದಾರಿ ಕಟ್ಟಿದೆ ಮೇಷ್ಟ್ರೇ."

ಬೀಸಣಿಗೆ ನಿಂತಿತು. "ಎಲ್ಲಿ ಕಟ್ಟುತ್ತೆ? ಮೋಟಾರು ಅಂದ್ನಲ್ಲ."

"ನೋಡೋಣ ಇರಿ."

ಬ್ಯಾಟರಿಯ ಕೆಂಪು ತಲೆಯಿಂದ, ಗುಂಡಿ ಒತ್ತಿದಾಗ ಕರೆಂಟು ದಾಟಿಸುವ ರಿಲೇಗೆ, ರಿಲೇಯಿಂದ ಮೋಟಾರಿಗೆ ಒಂದೊಂದೇ ಮೆಟ್ಟಿಲು ಅಳೆದಳು. ಎಲ್ಲೂ ಸೋರಿಕೆ ಇರಲಿಲ್ಲ. ಆಮೇಲೆ ಒಂದು ಕಡ್ಡಿಯನ್ನು ಬ್ಯಾಟರಿಯ ಕಪ್ಪು ತಲೆಗೂ ಇನ್ನೊಂದನ್ನು ಇಂಜಿನ್ನಿನ ಮೈಗೂ ಇಟ್ಟು ಗುಂಡಿ ಒತ್ತಿದಳು. ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಒಮ್ಮೆಗೇ ಹನ್ನೆರಡಕ್ಕೆ ನೆಗೆಯಿತು.

"ಅರ್ತ್!" ಎಂದು ಕೂಗಿದಳು. "ಕರೆಂಟು ಬ್ಯಾಟರಿಗೆ ವಾಪಸ್ ಬರೋ ಅರ್ತ್ ಕೇಬಲ್ಲೇ ಇಂಜಿನ್ನಿಗೆ ಮುಟ್ಟಿಲ್ಲ! ರಿಲೇಗೆ ಬೇರೆ ಸಣ್ಣ ವೈರಿದೆ, ಅದಕ್ಕೇ ಅದೊಂದು ಟಿಕ್ ಅಂತಿದೆ. ಬ್ಯಾಟರಿ ಪಾಪ, ಏನೂ ಮಾಡಿಲ್ಲ. ಆವತ್ತು ರಕ್ಷಣಾ ದಳದವರು ಗುಂಡಿ ಒತ್ತಿ ಒತ್ತಿ ಸಾಕಾಗಿ, ಕ್ಲಿಪ್ಪು ಕೀಳದೆ ಬೇರೆ ದೋಣಿ ಹತ್ತಿಕೊಂಡು ಓಡಿದ್ರಲ್ಲ, ಆಮೇಲೆ ರಾತ್ರಿಯೆಲ್ಲಾ ಹ್ಯಾಂಡಲಿನ ದೀಪ ಉರಿದು ಬ್ಯಾಟರಿ ಸತ್ತಿದೆ. ಪೊಲೀಸರು ನೋಡಿದ್ದು ಮಾರನೇ ದಿನ!"

ಹತ್ತೊಂಬತ್ತು ದಿನದಲ್ಲಿ ಮೊದಲ ಸಲ ಅವಳ ಎದೆಯ ಮೇಲಿನ ಕಲ್ಲು ಅಲುಗಿತು. ಇಂಜಿನ್ನಿನ ಪಕ್ಕಕ್ಕೆ ಬಾಗಿ, ಬುಡದಲ್ಲಿದ್ದ ಕಪ್ಪು ರಬ್ಬರ್ ಟೋಪಿಯನ್ನು ಸರಿಸಿದಳು. ಸರಿಸಿದವಳ ಸಂತೋಷ ಅಲ್ಲೇ ಇಂಗಿತು.

ಬೋಲ್ಟು ಭದ್ರವಾಗಿತ್ತು. ಬೋಲ್ಟಿನ ತಲೆಯಿಂದ ಕೇಬಲಿನ ಮೇಲೆ ಹಾದು ಇಂಜಿನ್ನಿನ ಮೈವರೆಗೆ ಒಂದು ಹಳದಿ ಗೆರೆ ನೆಟ್ಟಗೆ ಇಳಿದಿತ್ತು.

ಈ ಕೆಲಸದವರಲ್ಲಿ ಅದೊಂದು ರೂಢಿ. ಬೋಲ್ಟನ್ನು ಬಿಗಿದ ಮೇಲೆ ಪೇಂಟ್ ಪೆನ್ನಿನಿಂದ ಅಡ್ಡಲಾಗಿ ಗೆರೆ ಎಳೆಯಬೇಕು. ಬೋಲ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ನೋಡಿದವರಿಗೆ ತಿಳಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಗೆರೆ ಯಾರದೋ ಹೊಣೆ ಅವರದು. ಹಳದಿ ಚಿಜುರುವಿನದು.

"ಗೆರೆ ಮುರಿದಿಲ್ಲ," ಮೇಷ್ಟ್ರು ಯಾವಾಗಲೋ ಎದ್ದು ಬಂದು ಅವಳ ಹಿಂದೆ ನಿಂತಿದ್ದರು. ದನಿ ಮೆಲ್ಲಗಿತ್ತು. "ಗೆರೆ ನಿಂದೇ ಅಲ್ವಾ ಚಿಜುರು?"

"ನಂದೇ."

"ಅಂದ್ಮೇಲೆ ಇದನ್ನ ಕೆದಕಬೇಡಮ್ಮ. ಬಿಚ್ಚಿದ್ರೆ ನಿನ್ನ ಗೋರಿ ನೀನೇ ತೋಡ್ಕೊಂಡ ಹಾಗೆ. ಬ್ಯಾಟರಿ ಅಂತಿದ್ದಾರೆ, ಬ್ಯಾಟರಿ ಅಂತಲೇ ಇರಲಿ. ಅಜಾಗರೂಕತೆ ಅಂದ್ರೆ ಎಷ್ಟೋ ಕಡಿಮೆಲಿ ಮುಗಿಯುತ್ತೆ. ನಾನೇ ಬಂದು ಜಡ್ಜ್ ಮುಂದೆ ನಿನ್ನ ಪರ ಎರಡು ಒಳ್ಳೆ ಮಾತು ಹೇಳ್ತೀನಿ."

ಚಿಜುರು ಸ್ಪಾನರ್ ಎತ್ತಿಕೊಂಡಳು. "ತಪ್ಪು ನಂದಾದ್ರೆ ನಂದೇ ಆಗ್ಲಿ. ಕಾಮಿಯಾ ತಾತ ನನ್ನ ಮದುವೆಗೆ ಚಿಪ್ಪಿನ ಸಾರು ಮಾಡಿ ಬಡಿಸಿದವರು. ಅವರು ಯಾಕೆ ಸತ್ರು ಅಂತಾದ್ರೂ ನಂಗೆ ಗೊತ್ತಾಗ್ಬೇಕು."

ಬೋಲ್ಟು ಕಿರ್ರೆಂದು ಸಡಿಲಾಯಿತು. ಕೇಬಲಿನ ತುದಿಯ ತಾಮ್ರದ ಬಳೆಯನ್ನು ಎತ್ತಿದಳು. ಅದರ ಕೆಳಗೆ ಹೆಬ್ಬೆರಳ ಉಗುರಿನಷ್ಟಗಲದ, ಕಾಗದದಷ್ಟು ತೆಳ್ಳಗಿನ ಒಂದು ಕಪ್ಪು ರಬ್ಬರ್ ಉಂಗುರ. ಮೇಲೆ, ಬೋಲ್ಟಿನ ತಲೆಯ ಅಡಿಯಲ್ಲಿ ಅಂಥದ್ದೇ ಇನ್ನೊಂದು. ಕತ್ತರಿಯಿಂದ ಎಷ್ಟು ನಾಜೂಕಾಗಿ ಕತ್ತರಿಸಿದ್ದರೆಂದರೆ ಟೋಪಿಯ ನೆರಳಿನಲ್ಲಿ ಕಣ್ಣಿಗೆ ಬೀಳುವ ಹಾಗೇ ಇರಲಿಲ್ಲ.

ಇದು ಮರೆವಲ್ಲ. ತುಕ್ಕಲ್ಲ. ಕೂತು, ಅಳತೆ ತೆಗೆದು, ಬೇಕೆಂದೇ ಮಾಡಿದ ಕೆಲಸ.

ಅವಳು ಉಂಗುರಗಳನ್ನು ತಟ್ಟೆಗೆ ಹಾಕಿ ಬೋಲ್ಟನ್ನು ಬೆಳಕಿಗೆ ಹಿಡಿದಳು. ಗೆರೆಯನ್ನು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಟಾರ್ಚು ಹಿಡಿದು ಬ್ಯಾಟರಿಯ ಬೋಲ್ಟು, ರಿಲೇಯ ಬೋಲ್ಟು, ಮೋಟಾರಿನ ಬೋಲ್ಟುಗಳನ್ನು ಒಂದೊಂದಾಗಿ ನೋಡುತ್ತಾ ಹೋದಳು. ಎಲ್ಲದರ ಮೇಲೂ ಹಳದಿ ಗೆರೆ. ಆದರೆ ಅವು ದಪ್ಪ ದಪ್ಪ, ಪದರ ಪದರ. ಪ್ರತಿ ಏಪ್ರಿಲ್ಲಿನ ತಪಾಸಣೆಯಲ್ಲೂ ಹಳೆಯ ಗೆರೆಯ ಮೇಲೇ ಎಳೆದ ಹೊಸ ಗೆರೆ, ಏಳು ಏಪ್ರಿಲ್ಲಿನ ಏಳು ಗೆರೆ.

ಕೈಯಲ್ಲಿದ್ದ ಈ ಬೋಲ್ಟಿನ ಮೇಲೆ ಮಾತ್ರ ಒಂದೇ ಗೆರೆ. ಅದರ ಕೆಳಗಿನ ಲೋಹ ಬಣ್ಣ ಕರಗಿಸುವ ಥಿನ್ನರ್ ಹಾಕಿ ಉಜ್ಜಿದ ಹಾಗೆ ಫಳಫಳ ಹೊಳೆಯುತ್ತಿತ್ತು.

ಚಿಜುರು ಬೋಲ್ಟನ್ನು ಮುಷ್ಟಿಯಲ್ಲಿ ಬಿಗಿದು ಹಿಡಿದಳು. ತಟ್ಟನೆ ತಿರುಗುವ ಧೈರ್ಯವೂ ಆಗಲಿಲ್ಲ. ಹಿಂದೆ ಮುದುಕರ ಉಸಿರಾಟ ಕೇಳಿಸುತ್ತಿತ್ತು.

"ಮೇಷ್ಟ್ರೇ," ಎಂದಳು ಕೊನೆಗೆ. "ನಿಮಗೊಂದು ವಿಷಯ ಹೇಳಿರ್ಲಿಲ್ಲ. ಹೇಳಿದ್ರೆ ಬೈತೀರಿ ಅಂತ ಮುಚ್ಚಿಟ್ಟಿದ್ದೆ."

"ಏನದು?"

"ಹೊಸ ಗೆರೆ ಎಳೆಯೋಕೆ ಮುಂಚೆ ಹಳೇ ಗೆರೇನ ಪೂರ್ತಿ ಒರೆಸ್ಬೇಕು, ಹಳೇದರ ಮೇಲೆ ಎಳೆದ್ರೆ ಅದು ಸುಳ್ಳು ಗೆರೆ ಅಂತ ನೀವು ಹೇಳಿಕೊಟ್ರಿ. ಒಂದ್ಸಲ ಒರೆಸದೇ ಇದ್ದಿದ್ದಕ್ಕೆ ನನ್ನನ್ನ ಮಂಜಲ್ಲಿ ನಿಲ್ಲಿಸಿದ್ರಿ. ಆದ್ರೆ ನಿಮ್ಮ ವರ್ಕ್‌ಶಾಪ್ ಬಿಟ್ಟ ದಿನದಿಂದ ನಾನು ಒರೆಸೋದು ಬಿಟ್ಟುಬಿಟ್ಟೆ. ಮೇಲಿಂದ ಮೇಲೆ ಎಳೆದ್ರೆ ಎಷ್ಟು ಸಲ ನೋಡಿದೀನಿ ಅಂತ ಲೆಕ್ಕ ಸಿಗುತ್ತೆ. ಏಳು ವರ್ಷದಲ್ಲಿ ಒಂದು ಸಲಾನೂ ಒರೆಸಿಲ್ಲ."

ಚಿಜುರು ಮುಷ್ಟಿ ಬಿಚ್ಚಿ ಬೋಲ್ಟನ್ನು ತಟ್ಟೆಯ ಪಕ್ಕ ಇಟ್ಟಳು.

"ಬೇರೆ ಯಾರಾದ್ರೂ ನನ್ನ ಗೆರೆ ನಕಲು ಮಾಡೋದಾದ್ರೆ ಪಕ್ಕದ ಬೋಲ್ಟು ನೋಡ್ಕೊಂಡು ಹಾಗೇ ಬಳೀತಿದ್ರು. ಇದನ್ನ ಮಾಡಿದವರು ಪಕ್ಕದ ಬೋಲ್ಟನ್ನ ನೋಡೇ ಇಲ್ಲ. ನೋಡೋ ಅಗತ್ಯ ಇಲ್ಲ ಅಂದ್ಕೊಂಡಿದ್ದಾರೆ. ಚಿಜುರು ಹೇಗೆ ಗೆರೆ ಎಳೀತಾಳೆ ಅಂತ ಅವರಿಗೆ ಕಣ್ಮುಚ್ಚಿದ್ರೂ ಗೊತ್ತು. ಯಾಕಂದ್ರೆ ಅವಳಿಗೆ ಕಲಿಸಿದ್ದೇ ಅವರು."

ಈಗ ತಿರುಗಿ ಅವರ ಮುಖ ನೋಡಿದಳು. "ಆ ಶನಿವಾರದ ಹಿಂದಿನ ಸಂಜೆ, ಸ್ಕೂಟರ್ ಇಲ್ಲೇ ಇದ್ದಾಗ, ಶೆಡ್ಡಿನ ಬೀಗದ ಕೈ ಇಸ್ಕೊಂಡ್ರಿ. ಹಳೇ ಸ್ಪಾನರ್ ಇಲ್ಲೇ ಮರೆತೆ ಅಂದ್ರಿ."

"ಚಿಜುರು..."

"ಅಲ್ಲ ಅನ್ನಿ ಮೇಷ್ಟ್ರೇ! ಒಂದು ಸಲ ಅಲ್ಲ ಅನ್ನಿ, ನಂಬ್ತೀನಿ. ನಿಮ್ಮಾಣೆ ನಂಬ್ತೀನಿ!"

ಹಿರಾಮಾತ್ಸು ಬೀಸಣಿಗೆಯನ್ನು ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು.

"ಒರೆಸ್ತಾ ಇರ್ಲಿಲ್ವಾ ನೀನು?" ಎಂದರು. ಆ ದನಿಯಲ್ಲಿ ಸಿಕ್ಕಿಬಿದ್ದ ಭಯಕ್ಕಿಂತ ಶಿಷ್ಯೆ ಮಾತು ಮೀರಿದ ಸಿಟ್ಟೇ ಹೆಚ್ಚಾಗಿತ್ತು. "ಏಳು ವರ್ಷ! ನಾನು ಅಷ್ಟು ಹೇಳಿದ್ರೂ!"

ಚಿಜುರುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಯಾಕೆ?" ಎಂದಳು. "ನಾನು ನಿಮಗೇನು ಅನ್ಯಾಯ ಮಾಡಿದ್ದೆ?"

"ಮಾರನೇ ದಿನ ಭಾನುವಾರ ಜಲರಕ್ಷಣೆಯ ಪ್ರದರ್ಶನ ಇತ್ತಲ್ಲ," ಮುದುಕರು ನೆಲ ನೋಡುತ್ತಾ ಮಾತಾಡಿದರು. "ಊರಿನ ದೊಡ್ಡವರು, ಶಾಲೆ ಮಕ್ಕಳು, ಎಲ್ಲಾ ಬರೋರಿದ್ರು. ಅಷ್ಟು ಜನರ ಮುಂದೆ ಒಂದು ಸಲ, ಒಂದೇ ಸಲ, ನಿನ್ನ ಗಾಡಿ ಟಿಕ್ ಅನ್ನಲಿ ಅಂತ. ಎಲ್ಲರೂ ಪೆಚ್ಚಾಗಿ ನಿಂತಾಗ ಯಾರಾದ್ರೂ ಒಬ್ಬ, ಹಿರಾಮಾತ್ಸು ಮೇಷ್ಟ್ರನ್ನ ಕರೀರಪ್ಪ ಅನ್ನಲಿ ಅಂತ. ಮುಂದಿನ ಸಾಲಲ್ಲೇ ಕೂತಿರ್ತಿದ್ದೆ. ಐದು ನಿಮಿಷದ ಕೆಲಸ. ನೀನು ಸ್ವಂತ ಶೆಡ್ಡು ಹಾಕಿ ಜಲರಕ್ಷಣಾ ಕೇಂದ್ರದ ಕೆಲಸ ನಿನ್ನ ಕೈಗೆ ಹೋದ ಮೇಲೆ ನನ್ನ ವರ್ಕ್‌ಶಾಪಿಗೆ ನೊಣಾನೂ ಬರ್ಲಿಲ್ಲ. ಏಳು ವರ್ಷದಿಂದ ಒಬ್ಬನೇ ಒಬ್ಬ ನನ್ನನ್ನ ಏನೂ ಕೇಳಿಲ್ಲ ಚಿಜುರು. ದಾರಿಯಲ್ಲಿ ಸಿಕ್ಕವರು ಮೊಮ್ಮಕ್ಕಳು ಹೇಗಿದ್ದಾರೆ ಅಂತಾರೆ, ಇಂಜಿನ್ ಬಗ್ಗೆ ಒಂದು ಮಾತಿಲ್ಲ."

"ಶನಿವಾರ ಕಾಮಿಯಾ ತಾತ ಬಿದ್ರು."

"ಹೂಂ."

"ಪ್ರತಿ ಬುಧವಾರ ನಿಮ್ಮ ಜೊತೆ ಶೋಗಿ ಚದುರಂಗ ಆಡ್ತಿದ್ರಲ್ಲ ಮೇಷ್ಟ್ರೇ ಅವರು! ಅಂತ್ಯಕ್ರಿಯೆ ದಿನ ಎದೆ ಬಡ್ಕೊಂಡು ಅತ್ರಲ್ಲ ನೀವು! ಅಲ್ಲಿಂದ ಸೀದಾ ನನ್ನ ಮನೆಗೆ ಬಂದು ಸಮಾಧಾನ ಮಾಡಿದ್ರಲ್ಲ! ದಿನಾ ಅನ್ನದ ಉಂಡೆ ತಂದು ಕೊಟ್ರಲ್ಲ, ನಾನು ತಿಂದೆನಲ್ಲ!"

ಅವಳು ಅನ್ನದ ಉಂಡೆಯ ಗಂಟನ್ನು ದೂರ ತಳ್ಳಿದಳು. ಊರೆಲ್ಲಾ ಉಗಿದಾಗಲೂ ಇಷ್ಟು ನೋವಾಗಿರಲಿಲ್ಲ. ಊರಿನವರಿಗೆ ಅವಳು ಬೇರೆಯವಳು. ಈ ಮನುಷ್ಯನ ಕೈಗೆ ಮಾತ್ರ ತನ್ನ ಬೆನ್ನನ್ನು ಒಪ್ಪಿಸಿ ನಿಶ್ಚಿಂತೆಯಾಗಿದ್ದಳು.

ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಹಿಂದೆಯೇ ಪೊಲೀಸ್ ಸಾರ್ಜೆಂಟ್ ನೊನೊಯಾಮಾನ ದನಿ: "ಇನಗಾಕಿ ಅವರೇ! ಗೇಟು ತೆಗೀರಿ, ನಿಮ್ಮ ವ್ಯಾನು ಅಡ್ಡ ಇದೆ!"

ಸ್ಕೂಟರ್ ಹೊರಡುವಾಗ ರಶೀದಿಗೆ ಸಹಿ ಹಾಕಲು ನೊನೊಯಾಮಾ ಬರಬೇಕಿತ್ತು. ಒಳ್ಳೆಯದೇ ಆಯಿತು ಎಂದುಕೊಂಡಳು ಚಿಜುರು. ಅವಳ ಫೋನು ತನಿಖೆಯ ನೆಪದಲ್ಲಿ ಇನ್ನೂ ಠಾಣೆಯಲ್ಲೇ ಕೊಳೆಯುತ್ತಿತ್ತು, ಒಂದು ಫೋಟೋ ತೆಗೆಯಲೂ ಗತಿಯಿರಲಿಲ್ಲ. ಈಗ ಅವನೇ ಬಂದು ಕಣ್ಣಾರೆ ನೋಡಲಿ.

"ನಡೀರಿ, ಹೇಳೋಣ," ಎಂದಳು.

ಮುದುಕರು ಡಬ್ಬದ ಮೇಲೆ ಕುಸಿದು ಕೂತರು. "ಹೇಳ್ತೀನಿ. ನನ್ನ ಬಾಯಿಂದಲೇ ಹೇಳ್ತೀನಿ ಚಿಜುರು. ನೀನು ಕೈ ತೋರಿಸಿ, ಅವನು ಹಿಡ್ಕೊಂಡ ಹಾಗೆ ಬೇಡ. ಅಷ್ಟೊಂದು ಮರ್ಯಾದೆ ಉಳಿಸಿಕೊಡು. ನೀನು ಹೋಗಿ ಗೇಟು ತೆಗಿ. ಅಷ್ಟರಲ್ಲಿ ನಾನು ಮುಖ ತೊಳ್ಕೊಂಡು ನಿಲ್ತೀನಿ."

ಹದಿನಾರು ವರ್ಷ ಈ ಬಾಯಿ ಹೇಳಿದ್ದನ್ನು ಕೇಳಿ ಅವಳಿಗೆ ಅಭ್ಯಾಸವಾಗಿತ್ತು. ಹೋದಳು.

ಲಾರಿಯವನು ಮಹಾ ಪುಕ್ಕಲ. ವ್ಯಾನನ್ನು ಪಕ್ಕಕ್ಕೆ ತೆಗೆದರೂ ಇನ್ನೂ ಸರಿಸಿ, ಇನ್ನೂ ಸರಿಸಿ ಎಂದು ಗೋಗರೆದ. ಅವನು ಹಿಮ್ಮುಖವಾಗಿ ಅಂಗಳಕ್ಕೆ ಬರುವಷ್ಟರಲ್ಲಿ ಹತ್ತು ನಿಮಿಷ ಆಗಿಹೋಯಿತು.

"ಸಾರ್, ಒಳಗೆ ಬನ್ನಿ," ಎಂದಳು ಚಿಜುರು ನೊನೊಯಾಮಾನಿಗೆ. "ನಾಳೆ ಠಾಣೆಯಲ್ಲಿ ನಂಗೆ ಕೆಲಸ ಇರಲ್ಲ ಅನ್ಸುತ್ತೆ."

ಶೆಡ್ಡಿನಲ್ಲಿ ಹಿರಾಮಾತ್ಸು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಮುಖ ತೊಳೆದಿದ್ದರು. ಸಾರ್ಜೆಂಟನನ್ನು ಕಂಡು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಏನೇ ಆದರೂ ನನ್ನ ಮೇಷ್ಟ್ರು ಮಾತಿಗೆ ನಿಂತರು ಎಂದು ಚಿಜುರುವಿನ ಕಣ್ಣು ತುಂಬಿತು.

"ಸಾರ್, ಮನಸ್ಸಿಗೆ ತುಂಬಾ ಕಷ್ಟ ಆಗ್ತಿದೆ. ಆದ್ರೂ ಹೇಳ್ಲೇಬೇಕು," ಎಂದ ಆತ. ಹೌದು, ಆತ. ಇನ್ನು ಮೇಲೆ ಆ ಮನುಷ್ಯನಿಗೆ ಬಹುವಚನ ಕೊಡಲು ಕಥೆ ಹೇಳುವ ನನ್ನಿಂದಾಗದು. "ತಟ್ಟೇಲಿರೋ ಆ ಎರಡು ಉಂಗುರ ನೋಡಿ. ಅರ್ತ್ ಕೇಬಲಿಗೆ ಅಡ್ಡ ಹಾಕಿದ್ರು. ನಾನು ಇವಳಿಗೆ ಸಹಾಯ ಮಾಡೋಣ ಅಂತ ಬಂದವನು, ಕಣ್ಣಿಗೆ ಬಿತ್ತು. ಬೋಲ್ಟಿನ ಮೇಲೆ ಗೆರೆ ಇವಳದೇ. ಕೇಳಿದ್ದಕ್ಕೆ ಒಪ್ಕೊಂಡ್ಲು."

ಒಂದು ಕ್ಷಣ ಚಿಜುರುವಿಗೆ ಆ ಮಾತುಗಳು ಅರ್ಥವೇ ಆಗಲಿಲ್ಲ.

ಅರ್ಥವಾದದ್ದೇ ಸ್ಕೂಟರಿನ ಕಡೆಗೆ ನುಗ್ಗಿದಳು. ಥಿನ್ನರಿನ ಘಾಟು ಮೂಗಿಗೆ ಬಡಿಯಿತು. ಬ್ಯಾಟರಿಯ ಬೋಲ್ಟು, ರಿಲೇಯ ಬೋಲ್ಟು, ಮೋಟಾರಿನ ಬೋಲ್ಟು, ಎಲ್ಲವೂ ತೊಳೆದಿಟ್ಟ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಒಂದೊಂದರ ಮೇಲೂ ಒಂದೊಂದೇ ಹಳದಿ ಗೆರೆ. ಏಳು ವರ್ಷದ ಗುರುತು ಹತ್ತು ನಿಮಿಷದಲ್ಲಿ ಮಾಯವಾಗಿತ್ತು. ಅವಳ ಪೆನ್ನು ಅವಳ ಮೇಜಿನ ಮೇಲೇ ಇತ್ತು.

"ಸಾರ್, ಸುಳ್ಳು! ಎಲ್ಲಾ ಒರೆಸಿದ್ದಾರೆ! ನೋಡಿ, ಪೇಂಟು ಇನ್ನೂ ಹಸಿ ಇದೆ!" ಅವಳು ಒಂದೊಂದೇ ಗೆರೆಯನ್ನು ಬೆರಳಿನಿಂದ ಒತ್ತಿ ಒತ್ತಿ ತೋರಿಸಿದಳು. "ಮುಟ್ಟಿ ನೋಡಿ, ಹಸಿ!"

ನೊನೊಯಾಮಾ ಬಾಗಿ ಒಂದು ಬೋಲ್ಟನ್ನು ಮುಟ್ಟಿದ. ಬೆರಳನ್ನು ಮೂಸಿದ. ಅವನ ಮುಖ ಗಡುಸಾಯಿತು.

"ಹೌದು, ಹಸಿ ಇದೆ. ಯಾರು ಬಳಿದಿದ್ದು ಇದನ್ನ?"

"ಅದನ್ನೇ ನಾನೂ ಹೇಳ್ಬೇಕು ಅಂತಿದ್ದೆ ಸಾರ್," ಹಿರಾಮಾತ್ಸು ತಲೆ ತಗ್ಗಿಸಿದ. "ನಿಮ್ಮ ಲಾರಿ ಬರೋ ಹೊತ್ತಾಯ್ತು ಅಂತ, ಗೇಟಿಗೆ ಹೋಗೋಕೆ ಮುಂಚೆ, ಗುರುತು ಮರೆಸೋಕೆ ಉಜ್ಜಿ ಉಜ್ಜಿ ಎಲ್ಲಾ ಒರೆಸಿ ಹೊಸದಾಗಿ ಬಳಿದಿಟ್ಲು. ನಾನು ಮುದುಕ. ತಡೆಯೋಕೆ ಆಗ್ಲಿಲ್ಲ."

"ಇಬ್ಬರೂ ಕೈ ತೋರಿಸಿ," ಎಂದ ನೊನೊಯಾಮಾ.

ಮುದುಕ ಎರಡೂ ಅಂಗೈ ಚಾಚಿದ. ಉಗುರಿನ ಸಂದಿಯೂ ಬಿಡದ ಹಾಗೆ ಸೋಪು ಹಾಕಿ ತೊಳೆದ, ಶುಭ್ರವಾದ ಕೈ.

ಚಿಜುರು ತನ್ನ ಕೈ ನೋಡಿಕೊಂಡಳು. ಸಾಕ್ಷಿ ತೋರಿಸಲು ಹೋದ ಐದು ಬೆರಳೂ ಹಳದಿ.

ಹಿರಾಮಾತ್ಸು ಹತ್ತಿರ ಬಂದು ಅವಳ ಭುಜದ ಮೇಲೆ ಕೈಯಿಟ್ಟ. ಇಪ್ಪತ್ತಮೂರು ವರ್ಷದಲ್ಲಿ ಒಮ್ಮೆಯೂ ಕರೆಯದ ಹೆಸರಿನಿಂದ ಅವಳನ್ನು ಕರೆದ.

"ನಿಜ ಹೇಳಿಬಿಡು ಮಗಳೇ. ನಿನ್ನ ಜೊತೆ ನಾನಿದ್ದೀನಿ."